ನಮ್ಮ ಮನೆಗಳ ಗಾಳಿಯೂ ರೇಡಾನ್ ಎಂಬ ಅನಿಲವೂ

ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರನ್ನೂ ಮ್ಯಾಂಗನೀಸನ್ನೂ ಅಗೆಯುವುದನ್ನು ಬಲ್ಲವರು ಗಣಿಯಿಂದಾಗುವ ತೊಂದರೆಯೆಂದರೆ ಧೂಳನ್ನೇ ನೆನೆಯುವರು. ತೆಂಗಿನ ಗರಿಗಳ ಮೇಲೆ ಕೆಂಪಗೆ ಕುಳಿತ ಧೂಳು ಕಣ್ಣಿಗೆ ಕಾಣುತ್ತದೆ. ಲಾರಿಗಳ ಸದ್ದು ಕಿವಿಗೆ ಕೇಳುತ್ತದೆ. ಆದುದರಿಂದ ಅವುಗಳ ವಿಷಯವಾಗಿ ಜನರು ದೂರು ಕೊಡುವುದೂ ನ್ಯಾಯಾಲಯಗಳು ವಿಚಾರಿಸುವುದೂ ಸಾಧ್ಯವಾಯಿತು. ೨೦೧೧ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು. ೨೦೧೩ರ ಏಪ್ರಿಲ್ ತಿಂಗಳ ತೀರ್ಪಿನ ತರುವಾಯ ನಿಬಂಧನೆಗಳಿಗೊಳಪಟ್ಟು ಕೆಲವು ಗಣಿಗಳಿಗೆ ಮಾತ್ರ ಪುನಃ ಅಪ್ಪಣೆ ದೊರೆಯಿತು. ಆದರೆ ನೆಲದಿಂದ ಹೊರಡುವ ವಸ್ತುಗಳಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಹತ್ತದ, ನಾಲಗೆಗೆ ರುಚಿ ತೋರದ ಅನಿಲವೊಂದುಂಟು. ಗಣಿಯಿರುವ ಊರೆಂದಾಗಲಿ ಇಲ್ಲದ ಊರೆಂದಾಗಲಿ ಅದು ಭೇದವೆಣಿಸದು. ಅದರ ಹೆಸರು ರೇಡಾನ್.

ಈ ಅನಿಲವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ನಾಲ್ಕು ಮಾತು ತಿಳಿಸಲು ನಾವು ಉದ್ದೇಶಿಸಿದ್ದೇವೆ. ಇದು ಮನೆಯೊಳಗಿನ ಗಾಳಿಯ ವಿಷಯ. ಕಿಟಕಿಯನ್ನು ಯಾವಾಗ ತೆರೆಯಬೇಕು, ನೆಲಕ್ಕೆ ಏನನ್ನು ಹಾಸಬೇಕು, ಮಕ್ಕಳನ್ನು ಯಾವ ಕೋಣೆಯಲ್ಲಿ ಮಲಗಿಸಬೇಕು ಎಂಬುದನ್ನು ನಿಶ್ಚಯಿಸುವವರಿಗೆ ಇದು ತಿಳಿದಿರಬೇಕು. ಮೇಲಾಗಿ, ಕಾಣದ ವಸ್ತುವಿನ ವಿಷಯದಲ್ಲಿ ಅಜ್ಞಾನವು ಎರಡು ಬಗೆಯ ಕೇಡನ್ನುಂಟುಮಾಡುತ್ತದೆ. ಕೆಲವರು ಕಾರಣವಿಲ್ಲದೆ ಹೆದರುವರು. ಕೆಲವರು ಕಾರಣವಿಲ್ಲದೆ ಧೈರ್ಯವಾಗಿರುವರು. ಇವೆರಡಕ್ಕೂ ಮದ್ದು ಒಂದೇ, ಅಳತೆ.

ಬಂಡೆಯ ಮೇಲೆ ಮನೆಯನ್ನು ಕಟ್ಟಿದ ವಿವೇಕಿಯ ಸಾಮ್ಯವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಕೇಳಿಬಲ್ಲರು. ಅಸ್ತಿವಾರವು ಭದ್ರವಾಗಿರಬೇಕೆಂಬ ಆ ಬೋಧನೆ ಎಂದಿಗೂ ಸತ್ಯವೇ. ಆದರೆ ಬಂಡೆಯೂ ಒಂದು ಬಗೆಯಲ್ಲಿ ಉಸಿರಾಡುತ್ತದೆಂಬುದನ್ನು ವಿಜ್ಞಾನವು ಕಳೆದ ನೂರಿಪ್ಪತ್ತೈದು ವರ್ಷಗಳಲ್ಲಿ ತೋರಿಸಿಕೊಟ್ಟಿದೆ. ಎಲ್ಲ ಕಲ್ಲಿನಲ್ಲಿಯೂ ಮಣ್ಣಿನಲ್ಲಿಯೂ ಯುರೇನಿಯಂ ಎಂಬ ಲೋಹವು ಅತ್ಯಲ್ಪವಾಗಿ ಬೆರೆತಿದೆ. ಸಾಧಾರಣ ಬೆಣಚುಗಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ ಮೂರು ನಾಲ್ಕು ಪಾಲಿನಷ್ಟು. ಈ ಯುರೇನಿಯಂ ತಾನಾಗಿಯೇ ಮೆಲ್ಲಮೆಲ್ಲನೆ ಒಡೆದು ಒಂದರಿಂದೊಂದು ವಸ್ತುವಾಗುತ್ತ ರೇಡಿಯಂ ಆಗುತ್ತದೆ. ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಈ ವಂಶದಲ್ಲಿ ಮಿಕ್ಕವೆಲ್ಲ ಘನವಸ್ತುಗಳಾದುದರಿಂದ ಕಲ್ಲಿನಲ್ಲಿಯೇ ಸೆರೆಯಾಗಿರುತ್ತವೆ. ರೇಡಾನ್ ಒಂದೇ ಅನಿಲವಾದುದರಿಂದ ಬಿರುಕುಗಳ ಮೂಲಕ ಮೇಲಕ್ಕೆ ಬರುತ್ತದೆ. ಅದರ ಆಯುಸ್ಸೂ ಸ್ವಲ್ಪವೇ. ಇದ್ದ ರೇಡಾನಿನಲ್ಲಿ ಅರ್ಧವು ೩.೮ ದಿನಗಳಲ್ಲಿ ಒಡೆದುಹೋಗುತ್ತದೆ. ಮತ್ತೆ ಅಷ್ಟೇ ದಿನಗಳಲ್ಲಿ ಉಳಿದುದರ ಅರ್ಧ. ಹೀಗೆ ೩೮ ದಿನಗಳಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಆದರೆ ನೆಲದೊಳಗಣ ರೇಡಿಯಂ ಅರ್ಧವಾಗಲು ಸುಮಾರು ೧೬೦೦ ವರ್ಷಗಳು ಬೇಕು. ಆದಕಾರಣ ಹೊಸ ರೇಡಾನಿನ ಒರತೆ ಬತ್ತುವುದೇ ಇಲ್ಲ.

ಈ ಅನಿಲದ ಸ್ವರೂಪವನ್ನು ತಿಳಿಸಿಕೊಟ್ಟವರಲ್ಲಿ ಒಬ್ಬ ಮಹಿಳೆಯೂ ಇದ್ದರೆಂಬುದನ್ನು ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಹೇಳದಿರಲಾಗದು. ರೇಡಿಯಮ್ಮಿನಿಂದ ಏನೋ ಒಂದು ಆವಿ ಹೊರಡುತ್ತದೆಂದು ಜರ್ಮನಿಯ ಡಾರ್ನ್ ಎಂಬ ಪಂಡಿತರು ೧೯೦೦ರಲ್ಲಿ ಕಂಡರು. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರದರ್‌ಫರ್ಡರ ಶಿಷ್ಯೆಯಾಗಿದ್ದ ಹ್ಯಾರಿಯೆಟ್ ಬ್ರೂಕ್ಸ್ ಎಂಬುವರು ಗುರುಗಳೊಡನೆ ಸೇರಿ, ಅದು ಗಾಳಿಗಿಂತ ಬಹಳ ಭಾರವಾದ ಬೇರೊಂದು ಅನಿಲವೆಂದು ೧೯೦೧ರಲ್ಲಿ ತೋರಿಸಿದರು. ಮುಂದೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದಾಗ, ೧೯೦೬ರಲ್ಲಿ ಅವರ ವಿವಾಹವು ನಿಶ್ಚಯವಾಗಲು, ವಿವಾಹಿತೆಗೆ ಅಲ್ಲಿ ಉದ್ಯೋಗವಿಲ್ಲವೆಂದು ಅಧಿಕಾರಿಗಳು ತಿಳಿಸಿದರು. ಅದು ನ್ಯಾಯವಲ್ಲವೆಂದು ಅವರು ವಾದಿಸಿದರು, ಫಲವಾಗಲಿಲ್ಲ, ಕೆಲಸವನ್ನು ಬಿಟ್ಟರು. ಇಂದು ಕಾಲೇಜುಗಳಲ್ಲಿ ವಿಜ್ಞಾನವನ್ನೋದುತ್ತಿರುವ ನಮ್ಮ ಮಕ್ಕಳು ಈ ಹೆಸರನ್ನು ನೆನಪಿನಲ್ಲಿಡಬೇಕು.

ಇನ್ನು ಇದರಿಂದಾಗುವ ಕೇಡೇನು? ರೇಡಾನ್ ಅನಿಲವು ಉಸಿರಿನೊಡನೆ ಒಳಹೋಗಿ ಬಹುಮಟ್ಟಿಗೆ ಹಾಗೆಯೇ ಹೊರಬರುತ್ತದೆ. ಆದರೆ ಅದು ಒಡೆದಾಗ ಪೊಲೋನಿಯಂ ಮೊದಲಾದ ಘನವಸ್ತುಗಳಾಗುತ್ತದೆ. ಇವು ಗಾಳಿಯಲ್ಲಿರುವ ಸೂಕ್ಷ್ಮ ಧೂಳಿಗೂ ಹೊಗೆಗೂ ಅಂಟಿಕೊಂಡು ಶ್ವಾಸಕೋಶದಲ್ಲಿ ನೆಲೆನಿಲ್ಲುತ್ತವೆ. ಕೆಲವು ನಿಮಿಷಗಳಲ್ಲಿ ತಾವೂ ಒಡೆದು ಆಲ್ಫಾ ಕಣಗಳನ್ನು ಹೊರಡಿಸುತ್ತವೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದವು ತಡೆಯಬಲ್ಲದು. ನಮ್ಮ ಚರ್ಮವೂ ತಡೆಯಬಲ್ಲದು. ಆದರೆ ಶ್ವಾಸಕೋಶದ ಒಳಪದರಕ್ಕೆ ಅಂತಹ ಕವಚವಿಲ್ಲ. ಅಲ್ಲಿ ವರ್ಷಗಟ್ಟಲೆ ಬೀಳುವ ಈ ಪೆಟ್ಟುಗಳಿಂದ ಕ್ಯಾನ್ಸರ್ ಹುಟ್ಟುವ ಸಂಭವವುಂಟು.

ಇದು ಮೊದಲು ಗೋಚರಿಸಿದ್ದು ಗಣಿಯ ಊರುಗಳಲ್ಲಿಯೇ. ೧೫೫೬ರಲ್ಲಿ ಪ್ರಕಟವಾದ ತನ್ನ ಗಣಿಶಾಸ್ತ್ರದ ಗ್ರಂಥದಲ್ಲಿ ಅಗ್ರಿಕೋಲನೆಂಬ ವಿದ್ವಾಂಸನು, ಕಾರ್ಪೇಥಿಯನ್ ಪರ್ವತಗಳ ಗಣಿಗಳ ಕಡೆ ಒಬ್ಬರಾದಮೇಲೊಬ್ಬರಂತೆ ಏಳು ಗಂಡಂದಿರನ್ನು ಎದೆಯ ರೋಗಕ್ಕೆ ಕಳೆದುಕೊಂಡ ಹೆಂಗಸರಿದ್ದಾರೆಂದು ಬರೆದನು. ೧೮೭೯ರಲ್ಲಿ ಜರ್ಮನಿಯ ಷ್ನೀಬರ್ಗ್ ಗಣಿಗಳ ಕೆಲಸಗಾರರ ರೋಗವು ಶ್ವಾಸಕೋಶದ ಕ್ಯಾನ್ಸರೆಂದು ಇಬ್ಬರು ವೈದ್ಯರು ಸ್ಥಿರಪಡಿಸಿದರು. ಅದಕ್ಕೆ ಮುಖ್ಯ ಕಾರಣ ಗಣಿಯೊಳಗಣ ರೇಡಾನೆಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂದಿತು. ೧೯೮೮ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರೇಡಾನನ್ನು ಮನುಷ್ಯರಲ್ಲಿ ನಿಶ್ಚಿತವಾಗಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಗಣಿಯ ಮಾತು ಮನೆಗೂ ಅನ್ವಯಿಸುವುದೆಂಬುದಕ್ಕೆ ೧೯೮೪ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ನಡೆದ ಸಂಗತಿ ಪ್ರಸಿದ್ಧವಾಗಿದೆ. ಅಲ್ಲಿ ಹೊಸದಾಗಿ ಕಟ್ಟುತ್ತಿದ್ದ ಅಣುವಿದ್ಯುತ್ ಸ್ಥಾವರದ ಒಬ್ಬ ಇಂಜಿನಿಯರು ಕಿರಣಪರೀಕ್ಷೆಯ ಬಾಗಿಲನ್ನು ದಾಟಿದಾಗಲೆಲ್ಲ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು. ವಿಚಾರಿಸಲಾಗಿ, ದೋಷವು ಸ್ಥಾವರದಲ್ಲಿರಲಿಲ್ಲ, ಅವರ ಮನೆಯಲ್ಲಿತ್ತು. ಆ ಮನೆಯ ಗಾಳಿಯಲ್ಲಿ ರೇಡಾನ್ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕ್ವೆರೆಲಿನಷ್ಟಿತ್ತು. ಸಮೀಪದ ಮನೆಗಳಲ್ಲಿ ಅಂತಹ ಪ್ರಮಾಣವಿರಲಿಲ್ಲ. ಒಂದು ಮನೆಯ ಅಳತೆಯಿಂದ ನೆರೆಮನೆಯ ಸ್ಥಿತಿಯನ್ನು ಹೇಳಲಾಗದೆಂಬ ಪಾಠವು ಅಂದಿನಿಂದ ದೃಢವಾಯಿತು.

ಬೆಕ್ವೆರೆಲ್ ಎಂದರೆ ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು ೨೮ ಘನಮೀಟರು ಗಾಳಿ ಹಿಡಿಯುತ್ತದೆ. ಅಲ್ಲಿ ಘನಮೀಟರಿಗೆ ೧೦೦ ಬೆಕ್ವೆರೆಲ್ ಇದ್ದರೆ ಸೆಕೆಂಡಿಗೆ ಸುಮಾರು ೨೮೦೦ ರೇಡಾನ್ ಪರಮಾಣುಗಳು ಒಡೆಯುತ್ತಿರುತ್ತವೆ. ಬಯಲಿನ ಗಾಳಿಯಲ್ಲಿ ಸಾಧಾರಣವಾಗಿ ಇರುವುದು ಘನಮೀಟರಿಗೆ ೫ರಿಂದ ೧೫. ಮನೆಗಳಲ್ಲಿ ೧೦೦ನ್ನು ಮೀರದಿರುವುದು ಮೇಲೆಂದೂ, ಅದು ಸಾಧ್ಯವಾಗದ ದೇಶಗಳಲ್ಲಿಯೂ ೩೦೦ನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಸೂಚಿಸಿತು.

ಈ ಅಂಕಿಗಳನ್ನು ಕಂಡು ಯಾರೂ ಗಾಬರಿಪಡಬೇಕಾಗಿಲ್ಲ. ಯೂರೋಪಿನ ಒಂಬತ್ತು ದೇಶಗಳ ೧೩ ಅಧ್ಯಯನಗಳನ್ನು ಕೂಡಿಸಿ ೨೦೦೫ರಲ್ಲಿ ಪ್ರಕಟಿಸಿದ ಗಣನೆಯು ಅಪಾಯದ ಅಳತೆಯನ್ನು ಸ್ಪಷ್ಟಪಡಿಸುತ್ತದೆ. ಹೊಗೆಬತ್ತಿ ಸೇದದ ಸಾವಿರ ಜನರಲ್ಲಿ ೭೫ ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು, ರೇಡಾನ್ ಇಲ್ಲವೆಂದೇ ಎಣಿಸಿದರೆ ೪ ಮಂದಿ. ೧೦೦ ಬೆಕ್ವೆರೆಲ್ ಇದ್ದರೆ ೫. ೪೦೦ ಇದ್ದರೆ ೭. ಸೇದುವವರಲ್ಲಿ ಇದೇ ಲೆಕ್ಕವು ೧೦೦, ೧೨೦, ೧೬೦. ಹೊಗೆಯೂ ರೇಡಾನೂ ಜೊತೆಗೂಡಿದಾಗ ಕೇಡು ಎಷ್ಟು ಬೆಳೆಯುವುದೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಆದುದರಿಂದ ಬೀಡಿ ಸಿಗರೇಟುಗಳನ್ನು ಮನೆಯಿಂದ ಹೊರಗಟ್ಟುವುದೇ ಮೊದಲನೆಯ ಪರಿಹಾರ. ಅದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಈಗ ನಮ್ಮ ಸೀಮೆಯ ನೆಲವನ್ನು ನೋಡೋಣ. ಚಿಕ್ಕನಾಯಕನಹಳ್ಳಿಯ ಅದಿರಿನ ಗುಡ್ಡಗಳು ಚಿತ್ರದುರ್ಗದಿಂದ ದಕ್ಷಿಣಕ್ಕೆ ಬರುವ ಪದರಗಲ್ಲಿನ ಶ್ರೇಣಿಗೆ ಸೇರಿದವು. ಇಲ್ಲಿ ತೆಗೆಯುವುದು ಕಬ್ಬಿಣ, ಮ್ಯಾಂಗನೀಸ್, ಯುರೇನಿಯಂ ಅಲ್ಲ. ತುರುವೇಕೆರೆಯ ಕರಿಕಲ್ಲು ಹೆಸರಾದದ್ದು. ಶ್ರೀರಂಗಪಟ್ಟಣದ ಗುಂಬಜಿನ ಕರಿಯ ಕಂಬಗಳಿಗೆ ಕಲ್ಲು ಹೋದದ್ದು ಈ ಕಡೆಯಿಂದಲೇ. ಇಂತಹ ಕಪ್ಪು ಕಲ್ಲುಗಳಲ್ಲಿ ಯುರೇನಿಯಂ ಸಾಧಾರಣವಾಗಿ ಬೆಣಚುಗಲ್ಲಿಗಿಂತ ಕಡಮೆ. ತಿಪಟೂರಿನ ಸುತ್ತಣ ನೆಲವು ಬಹುಮಟ್ಟಿಗೆ ಹಳೆಯ ಪಟ್ಟೆಗಲ್ಲಿನದು. ಜಿಲ್ಲೆಯ ಪೂರ್ವಭಾಗದಲ್ಲಿ, ಮಧುಗಿರಿಯಿಂದ ರಾಮನಗರದ ಕಡೆಗೆ ಸಾಗುವ ಕ್ಲೋಸ್‌ಪೇಟೆ ಬೆಣಚುಗಲ್ಲಿನ ಸಾಲು ಬೇರೆ ಜಾತಿಯದು; ಅಂತಹ ಕಲ್ಲಿನಲ್ಲಿ ಯುರೇನಿಯಂ ಹೆಚ್ಚಾಗಿರುವುದುಂಟು. ಹೀಗೆ ಕೆಂಪು ಧೂಳು ಕಾಣುವ ಕಡೆಯೇ ರೇಡಾನ್ ಹೆಚ್ಚು, ಧೂಳಿಲ್ಲದ ಕಡೆ ಕಡಮೆ ಎಂದು ತಿಳಿಯುವುದು ಸರಿಯಲ್ಲ. ಕಲ್ಲಿನ ಜಾತಿ, ಮಣ್ಣಿನ ಬಿರುಕು, ಕಟ್ಟಡದ ಬಗೆ ಇವೆಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ.

ಕಟ್ಟಡದ ವಿಷಯದಲ್ಲಿ ಒಂದು ವಿವೇಚನೆ ಅವಶ್ಯ. ನಮ್ಮ ಹಿರಿಯರ ತೊಟ್ಟಿಯ ಮನೆಗಳಲ್ಲಿ ನಡುವೆ ಆಕಾಶ ಕಾಣುತ್ತಿತ್ತು. ಹೆಂಚಿನ ಸಂದುಗಳಲ್ಲಿ ಗಾಳಿ ಹಾಯುತ್ತಿತ್ತು. ಮಣ್ಣಿನ ನೆಲದಿಂದ ಅನಿಲವು ಬಂದರೂ ನಿಲ್ಲಲು ಎಡೆಯಿರಲಿಲ್ಲ. ಇಂದಿನ ಮನೆಗಳಲ್ಲಿ ಮೇಲೆ ತಾರಸಿ, ಕಿಟಕಿಗೆ ಗಾಜು, ಸೊಳ್ಳೆಯ ಭಯದಿಂದ ಸಂಜೆಯೇ ಮುಚ್ಚಿದ ಬಾಗಿಲು. ಬಂದ ಅನಿಲವು ಬೆಳಗಿನ ತನಕ ಒಳಗೇ ನಿಲ್ಲುತ್ತದೆ. ಮೈಸೂರು ಮತ್ತು ಬೆಂಗಳೂರಿನ ಮನೆಗಳಲ್ಲಿ ವಿಶ್ವವಿದ್ಯಾಲಯದ ಪಂಡಿತರು ನಡೆಸಿದ ಅಧ್ಯಯನಗಳಲ್ಲಿ, ಗಾಳಿಯಾಡದ ಕೋಣೆಗಳಲ್ಲಿಯೂ ಚಳಿಗಾಲದಲ್ಲಿಯೂ ರೇಡಾನ್ ಹೆಚ್ಚಾಗಿ ಕಂಡುಬಂದಿತು. ರೇಡಾನ್ ಭಾರವಾದ ಅನಿಲವಾದರೂ ಕೋಣೆಯ ಗಾಳಿಯೊಡನೆ ಬೆರೆತೇ ಇರುತ್ತದೆ. ನೆಲಕ್ಕೆ ತಾಗಿದ ಕೋಣೆಗಳಲ್ಲಿ ಅದು ಹೆಚ್ಚಾಗಿರುವುದು ಉಗಮವು ಸಮೀಪವಾದುದರಿಂದ. ಆದಕಾರಣ ಕೊಬ್ಬರಿಗಾಗಿ ಕಾಯಿ ತುಂಬಿದ ಅಟ್ಟದ ಚಿಂತೆ ಬೇಡ. ಅಟ್ಟದ ಕೆಳಗೆ ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ ಬಾಣಂತಿಯನ್ನೂ ಕೂಸನ್ನೂ ತಿಂಗಳುಗಟ್ಟಲೆ ಇರಿಸುವ ಪದ್ಧತಿಯೇ ಚಿಂತಿಸಬೇಕಾದುದು.

ಅಳತೆಯ ವಿಧಾನವು ಕಠಿನವಲ್ಲ. ತೆಂಗನ್ನು ಬಲ್ಲ ನಮ್ಮವರು ಒಂದು ವರ್ಷದ ಹತ್ತಿರ ಅಟ್ಟದಲ್ಲಿದ್ದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೇ ಇಲ್ಲವೇ ಎಂಬುದನ್ನು ಒಡೆಯದೆಯೇ ಕೇಳಿ ತಿಳಿಯುವರು. ಮನೆಯ ಗಾಳಿಯನ್ನು ಕೇಳಲು ವಿಜ್ಞಾನಿಗಳು ಒಂದು ಸಣ್ಣ ಬಟ್ಟಲನ್ನು ಕೊಡುತ್ತಾರೆ. ಅದರೊಳಗೆ ಒಂದು ವಿಧದ ಪ್ಲಾಸ್ಟಿಕ್ ಹಾಳೆಯ ತುಣುಕು ಇರುತ್ತದೆ. ಆಲ್ಫಾ ಕಣಗಳು ತಗಲಿದಲ್ಲಿ ಅದರ ಮೇಲೆ ಅತಿಸೂಕ್ಷ್ಮವಾದ ಗಾಯಗಳಾಗುತ್ತವೆ. ಮೂರು ತಿಂಗಳ ತರುವಾಯ ಅದನ್ನು ಪ್ರಯೋಗಶಾಲೆಯಲ್ಲಿ ಕ್ಷಾರದ್ರಾವಣದಲ್ಲಿ ನೆನೆಸಿದರೆ ಗಾಯಗಳು ಹಿಗ್ಗಿ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅವುಗಳನ್ನು ಎಣಿಸಿ ರೇಡಾನಿನ ಪ್ರಮಾಣವನ್ನು ಹೇಳುವರು. ವಿದ್ಯುತ್ತಿನಿಂದ ನಡೆದು ಗಂಟೆಗಂಟೆಗೂ ಅಂಕಿಯನ್ನು ತೋರಿಸುವ ಯಂತ್ರಗಳೂ ಉಂಟು. ಆದರೆ ರೇಡಾನ್ ಹಗಲಿಗೊಂದು ಇರುಳಿಗೊಂದು, ಬೇಸಗೆಗೊಂದು ಚಳಿಗಾಲಕ್ಕೊಂದು ಪ್ರಮಾಣದಲ್ಲಿರುವುದರಿಂದ, ಎರಡು ದಿನದ ಅಂಕಿಗಿಂತ ಮೂರು ತಿಂಗಳ ಸರಾಸರಿಯೇ ನಂಬತಕ್ಕದ್ದು. ಎರಡು ಋತುಗಳಲ್ಲಿ ಅಳೆದರೆ ಇನ್ನೂ ಉತ್ತಮ.

ಬಟ್ಟಲನ್ನು ಮನೆಯವರು ಬಹಳ ಹೊತ್ತು ಕಳೆಯುವ ಕೋಣೆಯಲ್ಲಿ, ವಿಶೇಷವಾಗಿ ನೆಲಮಟ್ಟದ ಮಲಗುವ ಕೋಣೆಯಲ್ಲಿ, ಕುಳಿತವರ ಮೂಗಿನ ಮಟ್ಟಕ್ಕೆ ತೂಗುಹಾಕಬೇಕು. ಅಡಿಗೆಮನೆ, ಬಚ್ಚಲು, ಕಿಟಕಿಯ ಪಕ್ಕ, ಬೀಸಣಿಗೆಯ ಕೆಳಗೆ ಇವು ತಕ್ಕ ಸ್ಥಳಗಳಲ್ಲ. ಮನೆಯವರು ಎಂದಿನಂತೆಯೇ ಬಾಳಬೇಕು. ಪರೀಕ್ಷೆಯ ದಿನಗಳಲ್ಲಿ ಮಾತ್ರ ಕಿಟಕಿಗಳನ್ನು ತೆರೆದಿಟ್ಟರೆ ಅಳತೆಗೆ ಅರ್ಥವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದವರೂ, ಮಂಗಳೂರು ವಿಶ್ವವಿದ್ಯಾಲಯದ ವಿಕಿರಣ ಸಂಶೋಧಕರೂ ಇಂತಹ ಅಳತೆಯಲ್ಲಿ ಬಹುಕಾಲ ಕೆಲಸ ಮಾಡಿದ್ದಾರೆ. ಒಬ್ಬೊಬ್ಬರಾಗಿ ಬರೆಯುವುದಕ್ಕಿಂತ ಒಂದು ಊರಿನ ಇಪ್ಪತ್ತು ಮೂವತ್ತು ಮನೆಯವರು ಕೂಡಿ, ಶಾಲೆಯ ವಿಜ್ಞಾನದ ಅಧ್ಯಾಪಕರ ಮೂಲಕ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿಕೊಳ್ಳುವುದು ಲೇಸು.

ಅಳತೆ ಹೆಚ್ಚಾಗಿ ಬಂದರೆ ಮನೆಯನ್ನು ಬಿಡಬೇಕಾಗಿಲ್ಲ. ಎದುರುಬದುರು ಕಿಟಕಿಗಳನ್ನು ಬೆಳಗ್ಗೆ ಎದ್ದೊಡನೆ ತೆರೆಯುವುದು, ಕಿಟಕಿಗಳಿಗೆ ಸೊಳ್ಳೆಯ ಜಾಲರಿ ಹಾಕಿ ರಾತ್ರಿಯೂ ಗಾಳಿಗೆ ದಾರಿ ಬಿಡುವುದು, ನೆಲದ ಬಿರುಕುಗಳನ್ನೂ ಕೊಳವೆಗಳು ನೆಲವನ್ನು ಹೊಗುವ ಸಂದುಗಳನ್ನೂ ಸಿಮೆಂಟಿನಿಂದ ಮುಚ್ಚುವುದು, ಇವು ಸುಲಭದ ಉಪಾಯಗಳು. ಪ್ರಮಾಣವು ಬಹಳ ಹೆಚ್ಚಾಗಿದ್ದರೆ ನೆಲದಡಿಯಿಂದ ಒಂದು ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದು, ಸಣ್ಣ ಬೀಸಣಿಗೆಯಿಂದ ಅನಿಲವನ್ನು ಹೀರಿ ಹೊರಗೆ ಬಿಡುವರು. ಹೊಸ ಮನೆ ಕಟ್ಟುವವರು ನೆಲದಡಿ ಜಲ್ಲಿಯ ಪದರವನ್ನೂ ಅದರ ಮೇಲೆ ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿ, ಒಂದು ಕೊಳವೆಯನ್ನು ಮೊದಲೇ ಇರಿಸಿದರೆ ಮುಂದೆ ಅಗೆಯುವ ಶ್ರಮವಿಲ್ಲ.

ಅಸ್ತಿವಾರ ತುಂಬಿಸುವವರಿಗೆ ಇನ್ನೊಂದು ಮಾತು. ಅಮೆರಿಕದ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿನಲ್ಲಿ ಯುರೇನಿಯಂ ಕಾರ್ಖಾನೆಯು ಬಿಸುಟ ಮರಳು ಪುಕ್ಕಟೆಯಾಗಿ ಸಿಕ್ಕಿತೆಂದು ಜನರು ೧೯೫೦, ೬೦ರ ದಶಕಗಳಲ್ಲಿ ಅದನ್ನೇ ಮನೆಗಳ ಅಡಿಗೆ ತುಂಬಿದರು. ಮುಂದೆ ಸರ್ಕಾರವು ಅನೇಕ ಮನೆಗಳ ನೆಲವನ್ನು ಒಡೆಸಿ ಅದನ್ನು ತೆಗೆಸಬೇಕಾಯಿತು. ನಮ್ಮಲ್ಲಿಯದು ಕಬ್ಬಿಣದ ಅದಿರು, ಆ ಮರಳಿನಂತಹುದಲ್ಲ. ಆದರೂ ಎಲ್ಲಿಯದೆಂದು ತಿಳಿಯದ ಗಣಿಯ ಮಣ್ಣನ್ನು ಅಗ್ಗವೆಂದು ಮನೆಯಡಿಗೆ ತುಂಬಬಾರದೆಂಬ ನೀತಿಯು ಎಲ್ಲೆಡೆಗೂ ಸಲ್ಲುತ್ತದೆ.

ನೀರಿನ ವಿಷಯವನ್ನೂ ಹೇಳಿ ಮುಗಿಸುವೆವು. ಗಟ್ಟಿ ಬಂಡೆಯನ್ನು ಕೊರೆದು ತೆಗೆದ ಕೊಳವೆಬಾವಿಯ ನೀರಿನಲ್ಲಿ ರೇಡಾನ್ ಕರಗಿರುತ್ತದೆ; ಕೆರೆ ಕಾಲುವೆಗಳ ನೀರಿನಲ್ಲಿ ಬಹಳ ಕಡಮೆ. ಲೀಟರಿಗೆ ೧೦೦ ಬೆಕ್ವೆರೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೪ರಲ್ಲಿ ಕೊಟ್ಟಿದ್ದ ಸೂಚನೆ. ಬೆಂಗಳೂರಿನ ಕೊಳವೆಬಾವಿಗಳನ್ನು ಕುರಿತು ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವೆಡೆ ಅದು ಸಾವಿರವನ್ನೂ ಮೀರಿತ್ತು. ಈ ರೇಡಾನ್ ನೀರನ್ನು ಕಾಯಿಸಿದರೆ, ಕಲಕಿದರೆ, ಮೇಲಿನಿಂದ ಸುರಿದರೆ ಹಾರಿಹೋಗುತ್ತದೆ. ಆದರೆ ಅದೇ ಬಂಡೆಯಿಂದ ನೀರಿಗಿಳಿದ ಯುರೇನಿಯಂ ಹಾಗೆ ಹೋಗದು. ಕಾಯಿಸಿದಷ್ಟೂ ನೀರು ಬತ್ತಿ ಅದು ಸಾಂದ್ರವಾಗುತ್ತದೆ, ಮತ್ತು ಕಾಲಾಂತರದಲ್ಲಿ ಮೂತ್ರಪಿಂಡಗಳಿಗೆ ಕೇಡು ಮಾಡುತ್ತದೆ. ತುಮಕೂರು ಜಿಲ್ಲೆಯೂ ಸೇರಿದಂತೆ ಪೂರ್ವ ಕರ್ನಾಟಕದ ೭೩ ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ೫೭ ಹಳ್ಳಿಗಳ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ ೩೦ ಮೈಕ್ರೋಗ್ರಾಮನ್ನೂ, ೪೮ ಹಳ್ಳಿಗಳ ನೀರು ೬೦ನ್ನೂ ಮೀರಿತ್ತು. ಆದುದರಿಂದ ಹೊಸ ಕೊಳವೆಬಾವಿಯ ನೀರನ್ನು ಕುಡಿಯುವ ಮೊದಲು ಫ್ಲೋರೈಡಿನೊಡನೆ ಯುರೇನಿಯಮ್ಮಿಗೂ ಪರೀಕ್ಷೆ ಮಾಡಿಸತಕ್ಕದ್ದು. ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿರುವಂತಹ ಸೂಕ್ಷ್ಮ ಪೊರೆಯ ಶೋಧಕವು ಸುಸ್ಥಿತಿಯಲ್ಲಿದ್ದರೆ ಇವೆರಡನ್ನೂ ಬಹುಮಟ್ಟಿಗೆ ತೆಗೆಯಬಲ್ಲದು.

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯನ್ನು ತೂಗದೆ ಯಾರೂ ಕೊಡುವುದಿಲ್ಲ, ತೂಗದೆ ಯಾರೂ ಕೊಳ್ಳುವುದಿಲ್ಲ. ಮಕ್ಕಳು ಇರುಳೆಲ್ಲ ಉಸಿರಾಡುವ ಗಾಳಿಗೂ ಅಷ್ಟೇ ಎಚ್ಚರಿಕೆ ಸಲ್ಲಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರು, ದಾದಿಯರು, ಪಂಚಾಯಿತಿಯ ಸದಸ್ಯೆಯರು, ಗೃಹಿಣಿಯರು ಅನೇಕರಿದ್ದಾರೆ. ಅವರಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಊರಿನಲ್ಲಿ ಈ ಅಳತೆಗೆ ಮೊದಲಿಡುವರಾದರೆ, ಭಯಕ್ಕೆ ಬದಲಾಗಿ ಅಂಕಿಯೂ, ವದಂತಿಗೆ ಬದಲಾಗಿ ತಿಳಿವಳಿಕೆಯೂ ನೆಲೆಗೊಳ್ಳುವುವು. ಅಷ್ಟರತನಕ, ನಾಳೆ ಬೆಳಗ್ಗೆ ಎದ್ದೊಡನೆ ಮಲಗುವ ಕೋಣೆಯ ಕಿಟಕಿಗಳನ್ನು ತೆರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.